ಯೂಜೀನ್ ಶೂಮೇಕರ್: ತಾನು ಹೋಗಲಾಗದ ಚಂದ್ರನಿಗೆ ಬೇರೆಯವರನ್ನು ತಯಾರು ಮಾಡಿದ ಭೂವಿಜ್ಞಾನಿ

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಚಂದ್ರನ ದಕ್ಷಿಣ ಧ್ರುವದ ಹೆಸರು ಭಾರತದ ಮನೆಮನೆಯಲ್ಲೂ ಕೇಳಿಬಂತು. ವಿಕ್ರಮ್ ಲ್ಯಾಂಡರ್ ಇಳಿದದ್ದು ಸರಿಯಾಗಿ ಧ್ರುವದ ಮೇಲಲ್ಲ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ನಕ್ಷೆಯಲ್ಲಿ ಬೆರಳಿಟ್ಟು ಹೋದರೆ ಧ್ರುವದ ಅಂಚಿನಲ್ಲೇ ಶ್ಯಾಕಲ್ಟನ್ ಎಂಬ ಕುಳಿ ಸಿಗುತ್ತದೆ. 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬೇರ್ಪಟ್ಟು, ತ್ರಿವರ್ಣ ಧ್ವಜದ ಚಿತ್ರ ಹೊತ್ತು ಬಿದ್ದ ಪುಟ್ಟ ಪೆಟ್ಟಿಗೆ ಅಪ್ಪಳಿಸಿದ್ದು ಇದರ ಆಸುಪಾಸಿನಲ್ಲೇ. ಶ್ಯಾಕಲ್ಟನ್ ಪಕ್ಕದಲ್ಲಿ ಇನ್ನೊಂದು ದೊಡ್ಡ ಕುಳಿಯಿದೆ. ಅಗಲ ಸುಮಾರು 51 ಕಿ.ಮೀ. ಅದರ ತಳಕ್ಕೆ ಸೂರ್ಯನ ಬಿಸಿಲು ಬೀಳುವುದೇ ಇಲ್ಲ. ಹೆಸರು ಶೂಮೇಕರ್.

ಚಂದ್ರನ ಕುಳಿಗಳಿಗೆ ವಿಜ್ಞಾನಿಗಳ ಹೆಸರಿಡುವುದು ಹೊಸದಲ್ಲ. ಆದರೆ ಹೆಸರಿಟ್ಟ ಕುಳಿಯಲ್ಲೇ ಆ ವಿಜ್ಞಾನಿಯ ಚಿತಾಭಸ್ಮವೂ ಇರುವುದು ಇದೊಂದರಲ್ಲೇ.

ಯೂಜೀನ್ ಶೂಮೇಕರ್, ಗೆಳೆಯರ ಬಾಯಲ್ಲಿ ಜೀನ್, ಬದುಕಿದ್ದಾಗ ಚಂದ್ರನ ಮೇಲೆ ಕಾಲಿಡಬೇಕೆಂದು ಹಂಬಲಿಸಿದ ಮನುಷ್ಯ. ಅದಕ್ಕಾಗಿ 20ನೇ ವಯಸ್ಸಿನಿಂದಲೇ ಬದುಕನ್ನು ಹೊಂದಿಸಿಕೊಂಡವರು. ಅವರು ಓದಲು ಹೊರಟಾಗ ಗ್ರಹಗಳ ಭೂವಿಜ್ಞಾನ ಎಂಬ ವಿಷಯವೇ ಯಾವ ಕಾಲೇಜಿನಲ್ಲೂ ಇರಲಿಲ್ಲ. ಇಂದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಲ್ಲೋ ಅಮೆರಿಕದ ಯಾವುದೋ ವಿಶ್ವವಿದ್ಯಾಲಯದಲ್ಲೋ ಮಂಗಳ, ಚಂದ್ರರ ಕಲ್ಲುಮಣ್ಣಿನ ಬಗ್ಗೆ ಪಿಎಚ್‌ಡಿ ಮಾಡುವ ವಿದ್ಯಾರ್ಥಿಗಳು ನಡೆಯುತ್ತಿರುವ ದಾರಿಯ ಬಹುಪಾಲನ್ನು ಕಡಿದವರು ಇವರು.

ಕಲ್ಲು ಆಯುತ್ತಿದ್ದ ಹುಡುಗ

ಶೂಮೇಕರ್ ಹುಟ್ಟಿದ್ದು 1928ರ ಏಪ್ರಿಲ್ 28ರಂದು, ಲಾಸ್ ಏಂಜಲೀಸ್‌ನಲ್ಲಿ. ತಾಯಿ ಶಿಕ್ಷಕಿ. ತಂದೆ ಒಂದೇ ಕೆಲಸಕ್ಕೆ ಅಂಟಿಕೊಂಡವರಲ್ಲ, ಬೇಸಾಯದಿಂದ ಸಿನಿಮಾ ಕಂಪನಿಯವರೆಗೆ ಹಲವು ಕಡೆ ದುಡಿದರು. ಹೀಗಾಗಿ ಬಾಲ್ಯ ಊರಿಂದ ಊರಿಗೆ ಅಲೆದಾಟದಲ್ಲಿ ಕಳೆಯಿತು. ತಾಯಿಗೆ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸಿಕ್ಕಿದಾಗ ಹುಡುಗನಿಗೆ ಅಲ್ಲಿನ ವಿಜ್ಞಾನ ಮ್ಯೂಸಿಯಂ ನಡೆಸುತ್ತಿದ್ದ ತರಗತಿಗಳ ರುಚಿ ಹತ್ತಿತು. ಖನಿಜದ ಕಲ್ಲುಗಳನ್ನು ಕೂಡಿಡತೊಡಗಿದ. ಆ ಚಟ ಕೊನೆಯವರೆಗೂ ಬಿಡಲಿಲ್ಲ.

1942ರಲ್ಲಿ ಕುಟುಂಬ ಲಾಸ್ ಏಂಜಲೀಸ್‌ಗೆ ಮರಳಿತು. ಹೈಸ್ಕೂಲನ್ನು ಬೇಗನೆ ಮುಗಿಸಿ 16ನೇ ವಯಸ್ಸಿಗೇ ಕ್ಯಾಲ್‌ಟೆಕ್ ಸೇರಿದರು. 19ಕ್ಕೆ ಪದವಿ ಕೈಯಲ್ಲಿತ್ತು. ನ್ಯೂ ಮೆಕ್ಸಿಕೋದ ಅತಿ ಹಳೆಯ ಶಿಲೆಗಳ ಮೇಲೆ ಕೆಲಸ ಮಾಡಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಆಮೇಲೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ನೌಕರಿ. ಕೊಲರಾಡೊ ಮತ್ತು ಯೂಟಾದ ಒಣ ಪ್ರಸ್ಥಭೂಮಿಯಲ್ಲಿ ಯುರೇನಿಯಂ ಹುಡುಕುವುದು ಕೆಲಸ. ಮಹಾಯುದ್ಧ ಮುಗಿದು ಅಣುಬಾಂಬಿನ ಪೈಪೋಟಿ ಶುರುವಾಗಿದ್ದ ಕಾಲ ಅದು.

1948ರಲ್ಲಿ, ಕೊಲರಾಡೊದ ಆ ಕ್ಯಾಂಪಿನ ದಿನಗಳಲ್ಲಿ, ಕ್ಯಾಲ್‌ಟೆಕ್‌ನ ಪತ್ರಿಕೆಯೊಂದು ಅವರ ಕೈಗೆ ಬಂತು. ಜರ್ಮನಿಯಿಂದ ತಂದ ವಿ-2 ರಾಕೆಟ್‌ಗಳನ್ನು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಹಾರಿಸುತ್ತಿದ್ದ ಪ್ರಯೋಗಗಳ ಸುದ್ದಿ ಅದರಲ್ಲಿತ್ತು. ಓದಿದವರು ಸಾವಿರಾರು ಜನ. ಆದರೆ 20ರ ಈ ಯುವಕನ ತಲೆಯಲ್ಲಿ ಲೆಕ್ಕ ಬೇರೆಯೇ ಓಡಿತು. ಹೀಗೇ ಹೋದರೆ ತನ್ನ ಜೀವಮಾನದಲ್ಲೇ ಮನುಷ್ಯ ಚಂದ್ರನಿಗೆ ಹೋಗುತ್ತಾನೆ. ಹೋದ ಮೇಲೆ ಅಲ್ಲಿ ಇರುವುದು ಕಲ್ಲು, ಮಣ್ಣು ಮಾತ್ರ. ಅದನ್ನು ನೋಡಿ ಅರ್ಥ ಹೇಳಲು ಭೂವಿಜ್ಞಾನಿ ಬೇಕೇ ಬೇಕು. ಆ ಭೂವಿಜ್ಞಾನಿ ತಾನೇ ಯಾಕಾಗಬಾರದು?

ಸ್ಪುಟ್ನಿಕ್ ಹಾರಲು ಇನ್ನೂ ಒಂಬತ್ತು ವರ್ಷ ಇತ್ತು. ನಾಸಾ ಹುಟ್ಟಲು ಹತ್ತು ವರ್ಷ. ಹೇಳಿದರೆ ಜನ ನಗುತ್ತಾರೆಂದು ಶೂಮೇಕರ್ ಈ ಆಸೆಯನ್ನು ಹೆಚ್ಚು ಕಡೆ ಬಾಯಿಬಿಡಲಿಲ್ಲ.

ಹತ್ತು ವರ್ಷ ಹಿಡಿದ ಪಿಎಚ್‌ಡಿ

1950ರಲ್ಲಿ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಮಾಡಲು ಹೋದರು. ಪದವಿ ಕೈಗೆ ಬಂದದ್ದು 1960ರಲ್ಲಿ. ನಡುವಿನ ಹತ್ತು ವರ್ಷ ಸುಮ್ಮನೆ ಕೂತವರೇನಲ್ಲ. ಸರ್ಕಾರಿ ನೌಕರಿ, ಯುರೇನಿಯಂ ಹುಡುಕಾಟ, ಅರಿಜೋನಾದ ಹೋಪಿ ಬ್ಯೂಟ್ಸ್ ಪ್ರದೇಶದಲ್ಲಿ ಹಳೆಯ ಜ್ವಾಲಾಮುಖಿ ಕೊಳವೆಗಳ ಅಧ್ಯಯನ, ಮದುವೆ, ಮೂರು ಮಕ್ಕಳು. ನೌಕರಿ ಮಾಡುತ್ತಾ ಪ್ರಬಂಧ ಬರೆದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಮದುವೆಯ ಕಥೆಯೂ ಚೆನ್ನಾಗಿದೆ. ಕ್ಯಾಲ್‌ಟೆಕ್‌ನಲ್ಲಿ ಅವರ ರೂಮ್‌ಮೇಟ್ ಆಗಿದ್ದ ರಿಚರ್ಡ್ ಸ್ಪೆಲ್ಮನ್ ಮದುವೆಗೆ 1950ರಲ್ಲಿ ಹೋದಾಗ ಅಲ್ಲಿ ಅವನ ತಂಗಿ ಕ್ಯಾರೊಲಿನ್ ಪರಿಚಯವಾದರು. ಆಮೇಲೆ ಪ್ರಿನ್ಸ್‌ಟನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಪತ್ರಗಳು ಹೋದವು, ಬಂದವು. 1951ರ ಆಗಸ್ಟ್‌ನಲ್ಲಿ ಮದುವೆ. ಕ್ಯಾರೊಲಿನ್ ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಕೇಳಿ ಬೇಸರಪಟ್ಟಿದ್ದವರು. ಅದೇ ವಿಷಯವನ್ನು ಜೀನ್ ಹೇಳಿದಾಗ ಕತೆಯಂತೆ ಕೇಳಿಸಿತು. ಈ ಹೆಣ್ಣುಮಗಳ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪ್ರಬಂಧದ ವಿಷಯ ಅರಿಜೋನಾದ ಮೀಟಿಯರ್ ಕ್ರೇಟರ್. ಬಟಾಬಯಲಿನ ನಡುವೆ ಸುಮಾರು 1.2 ಕಿ.ಮೀ. ಅಗಲ, 170 ಮೀಟರ್ ಆಳದ ದೊಡ್ಡ ಬೋಗುಣಿಯಂಥ ಗುಂಡಿ. ಇದು ಹೇಗಾಯಿತು ಎಂಬುದರ ಬಗ್ಗೆ ಅರ್ಧ ಶತಮಾನದಿಂದ ಜಗಳ ನಡೆದಿತ್ತು. 1891ರಲ್ಲಿ ಬಂದು ನೋಡಿದ ಗ್ರೋವ್ ಕಾರ್ಲ್ ಗಿಲ್ಬರ್ಟ್, ನೆಲದಡಿಯ ಹಬೆ ಸಿಡಿದು ಗುಂಡಿಯಾಗಿದೆ ಎಂದು ತೀರ್ಮಾನಿಸಿದರು. ಅವರು ಸಾಮಾನ್ಯರಲ್ಲ, ಶೂಮೇಕರ್ ಕೆಲಸಕ್ಕಿದ್ದ ಅದೇ ಸರ್ವೇಕ್ಷಣಾ ಸಂಸ್ಥೆಯ ಮುಖ್ಯ ಭೂವಿಜ್ಞಾನಿ. ವಿಚಿತ್ರವೆಂದರೆ ಚಂದ್ರನ ಕುಳಿಗಳು ಆಕಾಶದಿಂದ ಬಿದ್ದ ಕಲ್ಲುಗಳಿಂದಲೇ ಆದವು ಎಂದು ಎರಡು ವರ್ಷದ ನಂತರ ವಾದಿಸಿದವರೂ ಅವರೇ. ಕಾಲ ಬುಡದಲ್ಲಿದ್ದ ಕುಳಿಯ ವಿಚಾರದಲ್ಲಿ ಎಡವಿದರು.

ಗಣಿ ಉದ್ಯಮಿ ಡೇನಿಯಲ್ ಬ್ಯಾರಿಂಜರ್‌ಗೆ ಮಾತ್ರ ಇದು ಉಲ್ಕೆ ಬಿದ್ದ ಜಾಗವೆಂದು ಖಾತ್ರಿಯಿತ್ತು. 1903ರಿಂದ ಜಾಗ ಹಿಡಿದುಕೊಂಡು, ತಳದಲ್ಲಿ ಲಕ್ಷಾಂತರ ಟನ್ ಕಬ್ಬಿಣ ಹುದುಗಿದೆ ಎಂದು ಕೊರೆಸುತ್ತಲೇ ಹೋದರು. ಕೈಯಲ್ಲಿದ್ದ ಹಣವೆಲ್ಲ ಕರಗಿತು. ಕಬ್ಬಿಣ ಸಿಗಲಿಲ್ಲ. 1929ರಲ್ಲಿ ಒಬ್ಬ ಖಗೋಳ ವಿಜ್ಞಾನಿ ಲೆಕ್ಕ ಹಾಕಿ, ಬಿದ್ದ ಉಲ್ಕೆ ನೀವು ಅಂದುಕೊಂಡದ್ದಕ್ಕಿಂತ ತೀರಾ ಚಿಕ್ಕದು ಎಂದು ತಿಳಿಸಿದರು. ಅದೇ ವರ್ಷ ಬ್ಯಾರಿಂಜರ್ ಹೃದಯಾಘಾತದಿಂದ ತೀರಿಕೊಂಡರು. ಅವರ ಊಹೆ ಸರಿ, ಗಣಿಗಾರಿಕೆಯ ಲೆಕ್ಕ ತಪ್ಪು.

ಶೂಮೇಕರ್ ಈ ಜಗಳಕ್ಕೆ ಯಾರೂ ನೋಡದ ಕಡೆಯಿಂದ ಬಂದರು. ನೆವಾಡಾದ ಯಕ್ಕಾ ಫ್ಲಾಟ್‌ನಲ್ಲಿ ಅಮೆರಿಕ ಅಣುಬಾಂಬ್ ಪರೀಕ್ಷೆ ಮಾಡುತ್ತಿತ್ತು. ನೆಲದೊಳಗೆ ಕೆಲವೇ ಮೀಟರ್ ಆಳದಲ್ಲಿ ಸಿಡಿಸಿದ ಬಾಂಬುಗಳು ಬಿಟ್ಟ ಗುಂಡಿಗಳು ಅಲ್ಲಿದ್ದವು. ಯಾವಾಗ ಆಯಿತು, ಎಷ್ಟು ಶಕ್ತಿಯಿಂದ ಆಯಿತು, ಎಲ್ಲಕ್ಕೂ ದಾಖಲೆ ಇರುವ ಗುಂಡಿಗಳು. ಅವುಗಳ ಅಂಚನ್ನು ಅಳೆದು ನೋಡಿದಾಗ ಒಂದು ಸಂಗತಿ ಕಂಡಿತು. ಸ್ಫೋಟದ ರಭಸಕ್ಕೆ ಅಂಚಿನ ಮಣ್ಣಿನ ಪದರಗಳು ಹೊರಕ್ಕೆ ಮಗುಚಿಕೊಂಡಿದ್ದವು. ಅಂದರೆ ಮೇಲಿನ ಪದರ ಕೆಳಗೆ, ಕೆಳಗಿನದು ಮೇಲೆ, ಕಾವಲಿಯ ಮೇಲೆ ದೋಸೆ ಮಡಚಿದ ಹಾಗೆ.

ಅರಿಜೋನಾಕ್ಕೆ ಬಂದು ಕುಳಿಯ ಅಂಚನ್ನು ಅಡಿ ಅಡಿಯಾಗಿ ನಡೆದು ನಕ್ಷೆ ಮಾಡಿದಾಗ ಅಲ್ಲೂ ಅದೇ ಕಂಡಿತು. ಸುಣ್ಣಕಲ್ಲು, ಮರಳುಗಲ್ಲುಗಳ ಪದರಗಳು ತಲೆಕೆಳಗಾಗಿ ಹೊರಕ್ಕೆ ಬಿದ್ದಿದ್ದವು. ಜ್ವಾಲಾಮುಖಿಯ ಕುಳಿ ಹೀಗಿರುವುದಿಲ್ಲ. ಹೋಪಿ ಬ್ಯೂಟ್ಸ್‌ನಲ್ಲಿ ಜ್ವಾಲಾಮುಖಿಯ ಗುಂಡಿಗಳನ್ನು ವರ್ಷಗಟ್ಟಲೆ ನೋಡಿದ್ದ ಕಣ್ಣಿಗೆ ವ್ಯತ್ಯಾಸ ಗೊತ್ತಾಯಿತು. ಸೆಕೆಂಡಿಗೆ 15 ಕಿ.ಮೀ. ಆಸುಪಾಸಿನ ವೇಗದಲ್ಲಿ ಬಂದ ಕಬ್ಬಿಣದ ಗುಂಡು ನೆಲಕ್ಕೆ ಬಡಿದಾಗ ಅದು ಕಲ್ಲಿನಂತೆ ಹೂತುಕೊಳ್ಳುವುದಿಲ್ಲ, ಬಾಂಬಿನಂತೆ ಸಿಡಿಯುತ್ತದೆ. ತಾನೇ ಬಹುಪಾಲು ಕರಗಿ, ಆವಿಯಾಗಿ ಚದುರಿಹೋಗುತ್ತದೆ. ಬ್ಯಾರಿಂಜರ್ ಕೊರೆಸಿದಲ್ಲೆಲ್ಲ ಕಬ್ಬಿಣ ಸಿಗದಿದ್ದಕ್ಕೆ ಉತ್ತರ ಇಷ್ಟೇ. ಕುಳಿಯ ವಯಸ್ಸು ಸುಮಾರು 50,000 ವರ್ಷ ಎಂದು ಈಗ ಲೆಕ್ಕವಿದೆ.

ಚರ್ಚಿನ ಗೋಡೆಯಲ್ಲಿದ್ದ ಸಾಕ್ಷಿ

ಇಷ್ಟಾದರೂ ಕೈಯಲ್ಲಿ ಹಿಡಿದು ತೋರಿಸುವ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು 1960ರಲ್ಲಿ. ಮರಳಿನ ಮುಖ್ಯ ವಸ್ತುವಾದ ಕ್ವಾರ್ಟ್ಜ್‌ಗೆ 20,000 ವಾತಾವರಣಕ್ಕೂ ಹೆಚ್ಚಿನ ಒತ್ತಡ ಕೊಟ್ಟರೆ ಅದು ಕೋಯೆಸೈಟ್ ಎಂಬ ಬೇರೆ ರೂಪ ತಾಳುತ್ತದೆ. ಲೋರಿಂಗ್ ಕೋಸ್ ಎಂಬ ರಸಾಯನಶಾಸ್ತ್ರಜ್ಞ 1953ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ್ದರು. ಪ್ರಕೃತಿಯಲ್ಲಿ ಯಾರೂ ನೋಡಿರಲಿಲ್ಲ. ಶೂಮೇಕರ್ ತಂದ ಮೀಟಿಯರ್ ಕ್ರೇಟರ್‌ನ ಮರಳುಗಲ್ಲಿನಲ್ಲಿ ಸಹೋದ್ಯೋಗಿಗಳಾದ ಎಡ್ವರ್ಡ್ ಚಾವೊ ಮತ್ತು ಬೆತ್ ಮ್ಯಾಡ್ಸನ್ ಅದನ್ನು ಪತ್ತೆ ಮಾಡಿದರು. ಭೂಮಿಯ ಮೇಲ್ಮೈ ಮರಳುಗಲ್ಲಿಗೆ ಅಷ್ಟು ಒತ್ತಡ ಕೊಡಬಲ್ಲದ್ದು ಆಕಾಶದಿಂದ ಬಂದ ಪೆಟ್ಟು ಮಾತ್ರ. ಜ್ವಾಲಾಮುಖಿಯ ಕೈಲಾಗುವ ಕೆಲಸ ಅದಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಕೋಪನ್‌ಹೇಗನ್‌ನಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನವಿತ್ತು. ಯುರೋಪಿಗೆ ಹೋದ ಶೂಮೇಕರ್ ದಾರಿಯಲ್ಲಿ ದಕ್ಷಿಣ ಜರ್ಮನಿಯ ರೀಸ್ ಎಂಬ ಜಾಗಕ್ಕೆ ಹೊಕ್ಕರು. ಸುಮಾರು 24 ಕಿ.ಮೀ. ಅಗಲದ ದುಂಡನೆಯ ತಗ್ಗು, ನಡುವೆ ಹೊಲಗದ್ದೆ, ನೋರ್ಡ್‌ಲಿಂಗನ್ ಎಂಬ ಹಳೆಯ ಪಟ್ಟಣ. ಅದು ಜ್ವಾಲಾಮುಖಿ ಎಂದೇ ಅಲ್ಲಿನ ಪಂಡಿತರು ನಂಬಿದ್ದರು. ಒಂದು ಕಲ್ಲು ಕ್ವಾರಿಯಲ್ಲಿ ಮಾದರಿ ಒಡೆದುಕೊಂಡು ಅಂಚೆಯಲ್ಲಿ ಚಾವೊಗೆ ಕಳಿಸಿದರು. ಕೋಯೆಸೈಟ್ ಇತ್ತು. ಅದೇ ಜಾತಿಯ ಕಲ್ಲಿನಿಂದ ಪಟ್ಟಣದ ದೊಡ್ಡ ಚರ್ಚನ್ನು ಕಟ್ಟಿ ಶತಮಾನಗಳಾಗಿದ್ದವು. ಸುಮಾರು 1.5 ಕೋಟಿ ವರ್ಷದ ಹಿಂದೆ ಆಕಾಶದಿಂದ ಬಿದ್ದ ಪೆಟ್ಟಿನ ಸಾಕ್ಷಿಯನ್ನು ಜನ ತಲೆತಲಾಂತರದಿಂದ ಗೋಡೆಯಾಗಿ ನೋಡುತ್ತಾ ಬಂದಿದ್ದರು.

ಮುಂಬೈ, ಪುಣೆಯ ಓದುಗರಿಗೆ ಇಲ್ಲೊಂದು ಹತ್ತಿರದ ಉದಾಹರಣೆಯಿದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ. ದಖ್ಖನ್‌ನ ಕಪ್ಪು ಕಲ್ಲಿನಲ್ಲಿ ಸುಮಾರು 1.8 ಕಿ.ಮೀ. ಅಗಲದ ಕುಳಿ. ಸುತ್ತಲೂ ಜ್ವಾಲಾಮುಖಿಯ ಕಲ್ಲೇ ಇರುವುದರಿಂದ ಇದೂ ಜ್ವಾಲಾಮುಖಿಯ ಬಾಯಿ ಎಂದೇ ಹಲವರು ತಿಳಿದಿದ್ದರು. 1973ರಲ್ಲಿ ಅದರ ಕಲ್ಲಿನಲ್ಲಿ ಪೆಟ್ಟಿನಿಂದ ಗಾಜಾದ ಖನಿಜ ಸಿಕ್ಕಿದ ಮೇಲೆ ವಿವಾದ ಹೆಚ್ಚು ಉಳಿಯಲಿಲ್ಲ. ಅದು ಶೂಮೇಕರ್ ಕೆಲಸವಲ್ಲ, ಬೇರೆಯವರದು. ಹುಡುಕುವ ಬಗೆ ಮಾತ್ರ 1960ರಲ್ಲಿ ತೆರೆದದ್ದೇ. ಆಕಾಶದ ಪೆಟ್ಟಿಗೆ ತನ್ನದೇ ಗುರುತಿದೆ, ಅದು ಕಲ್ಲಿನೊಳಗೇ ಉಳಿದಿರುತ್ತದೆ.

ಚಂದ್ರನಿಗೆ ನಕ್ಷೆ

1960ರಲ್ಲೇ ಸರ್ವೇಕ್ಷಣಾ ಸಂಸ್ಥೆಯಲ್ಲಿ ಖಗೋಳ ಭೂವಿಜ್ಞಾನದ ಘಟಕ ಶುರುವಾಯಿತು, ಶೂಮೇಕರ್ ಅದರ ಮುಖ್ಯಸ್ಥ. 1963ರಲ್ಲಿ ಅದನ್ನು ಅರಿಜೋನಾದ ಫ್ಲಾಗ್‌ಸ್ಟಾಫ್‌ಗೆ ತಂದರು. ಮೀಟಿಯರ್ ಕ್ರೇಟರ್, ಹಳೆಯ ಜ್ವಾಲಾಮುಖಿಗಳು, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲವೂ ಹತ್ತಿರ. ಚಂದ್ರನಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಅವರು ಮೊದಲು ಮಾಡಿದ ಕೆಲಸ ಕೇಳಿದರೆ ಸುಲಭ ಅನಿಸುತ್ತದೆ. ದೂರದರ್ಶಕದ ಫೋಟೊ ನೋಡಿ ಚಂದ್ರನ ಭೂಪದರಗಳ ನಕ್ಷೆ ಬರೆಯುವುದು. ಗೋಡೆಗೆ ವರ್ಷವರ್ಷ ಸುಣ್ಣ ಬಳಿದರೆ ಹೊಸ ಬಳಿತ ಹಳೆಯದರ ಮೇಲೇ ಕೂರುತ್ತದೆಯಲ್ಲ, ಹಾಗೆ. ಕೋಪರ್ನಿಕಸ್ ಕುಳಿಯಿಂದ ಚಿಮ್ಮಿದ ಬಿಳಿ ಪಟ್ಟೆಗಳು ಪಕ್ಕದ ಎರಟೋಸ್ತನೀಸ್ ಕುಳಿಯ ಮೇಲೆ ಹಾದುಹೋಗಿವೆ. ಆದ್ದರಿಂದ ಕೋಪರ್ನಿಕಸ್ ಕಿರಿದು, ಎರಟೋಸ್ತನೀಸ್ ಹಿರಿದು. ಇಂಥ ನೂರಾರು ಒಂದರ ಮೇಲೊಂದು ಪದರಗಳನ್ನು ಬಿಡಿಸುತ್ತಾ ಹೋಗಿ, ಒಂದು ಚೂರು ಕಲ್ಲನ್ನೂ ಮುಟ್ಟದೆ, ಚಂದ್ರನಿಗೆ ಕಾಲಗಳ ಪಟ್ಟಿ ಮಾಡಿಕೊಟ್ಟರು. 1962ರಲ್ಲಿ ರಾಬರ್ಟ್ ಹ್ಯಾಕ್‌ಮನ್ ಜೊತೆ ಪ್ರಕಟಿಸಿದ ಆ ಪಟ್ಟಿಯ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಚಂದ್ರಯಾನದ ಚಿತ್ರಗಳನ್ನು ಓದುವವರೂ ಅದೇ ಹೆಸರುಗಳಲ್ಲಿ ಮಾತಾಡುತ್ತಾರೆ. ಶೂಮೇಕರ್ ಕೆಲಸಗಳಲ್ಲಿ ಜನರಿಗೆ ಗೊತ್ತಿರುವುದು ಧೂಮಕೇತು. ಆದರೆ ತೂಕ ಹೆಚ್ಚಿನದು ಇದಕ್ಕೇ.

ವೈದ್ಯರ ಒಂದು ಚೀಟಿ

ಎಲ್ಲ ಕೂಡಿಬರುತ್ತಿತ್ತು. ಅಮೆರಿಕ ಚಂದ್ರನಿಗೆ ಹೋಗುವುದಾಗಿ ಘೋಷಿಸಿತ್ತು. ಶೂಮೇಕರ್‌ಗೆ 35 ವರ್ಷ. ಚಂದ್ರನ ಕಲ್ಲಿನ ಬಗ್ಗೆ ಅವರಷ್ಟು ತಿಳಿದವರು ಭೂಮಿಯ ಮೇಲೆ ಬೆರಳೆಣಿಕೆಯಷ್ಟು. ಆಗಲೇ ದೇಹ ಕೈಕೊಡತೊಡಗಿತು. 1963ರಲ್ಲಿ ವೈದ್ಯರು ಕಾರಣ ಹೇಳಿದರು. ಅಡಿಸನ್ಸ್ ಕಾಯಿಲೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಬೇಕಾದಷ್ಟು ಹಾರ್ಮೋನ್ ತಯಾರಿಸದ ಸ್ಥಿತಿ. ದಿನವೂ ಔಷಧ ತೆಗೆದುಕೊಂಡರೆ ಬದುಕಬಹುದು, ಬೆಟ್ಟ ಹತ್ತಬಹುದು, ಮರುಭೂಮಿಯಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡಬಹುದು. ಗಗನಯಾತ್ರಿಯಾಗಲು ಮಾತ್ರ ಸಾಧ್ಯವಿಲ್ಲ.

15 ವರ್ಷ ಗುಟ್ಟಾಗಿ ಕಾಪಾಡಿಕೊಂಡು ಬಂದ ಆಸೆ ಅಲ್ಲಿಗೆ ಮುಗಿಯಿತು. ಇಂಥ ಹೊತ್ತಿನಲ್ಲಿ ಮುನಿಸಿಕೊಂಡು ಬೇರೆ ಕೆಲಸ ನೋಡಿಕೊಂಡಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಶೂಮೇಕರ್ ಹೋಗುವವರನ್ನು ತಯಾರು ಮಾಡುವ ಕೆಲಸ ಹಿಡಿದರು. ವಿಜ್ಞಾನಿಗಳನ್ನು ಗಗನಯಾತ್ರಿಗಳಾಗಿ ಆರಿಸುವಾಗ ಅರ್ಜಿಗಳನ್ನು ಜಾಲಾಡಿದ ವಿಜ್ಞಾನ ಅಕಾಡೆಮಿಯ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ತನಗೆ ಸಿಗದ ಸೀಟಿಗೆ ಯಾರು ತಕ್ಕವರೆಂದು ತಾನೇ ಕೂತು ಆರಿಸುವುದು ಎಷ್ಟು ಕಷ್ಟ, ಊಹಿಸಬಹುದು.

ಹಾಗೆ 1965ರಲ್ಲಿ ಆಯ್ಕೆಯಾದವರಲ್ಲಿ ಒಬ್ಬರು ಹ್ಯಾರಿಸನ್ ಸ್ಮಿತ್. ಅದಕ್ಕೆ ಮೊದಲು ಫ್ಲಾಗ್‌ಸ್ಟಾಫ್‌ನಲ್ಲಿ ಶೂಮೇಕರ್ ಕೈಕೆಳಗೇ ಕೆಲಸ ಮಾಡಿದ್ದ ಭೂವಿಜ್ಞಾನಿ. ಉಳಿದ ಗಗನಯಾತ್ರಿಗಳಲ್ಲಿ ಹೆಚ್ಚಿನವರು ವಿಮಾನ ಪೈಲಟ್‌ಗಳು, ಅವರಿಗೆ ಕಲ್ಲೆಂದರೆ ಕಲ್ಲು. ಶೂಮೇಕರ್ ಮತ್ತು ಸಂಗಡಿಗರು ಅವರನ್ನು ಮೀಟಿಯರ್ ಕ್ರೇಟರ್‌ನ ಅಂಚಿಗೆ, ಲಾವಾ ಬಯಲಿಗೆ ಕರೆದೊಯ್ದು ನೆಲ ಓದುವುದನ್ನು ಕಲಿಸಿದರು. 1967ರಲ್ಲಿ ಫ್ಲಾಗ್‌ಸ್ಟಾಫ್ ಹೊರಗಿನ ಸಿಂಡರ್ ಲೇಕ್ ಎಂಬ ಕಪ್ಪು ಬೂದಿಯ ಬಯಲಲ್ಲಿ ಸ್ಫೋಟಕ ಇಟ್ಟು ಚಂದ್ರನ ಒಂದು ತುಂಡು ನೆಲವನ್ನೇ ತದ್ರೂಪಾಗಿ ಮಾಡಲಾಯಿತು. ಮೊದಲ ಸುತ್ತಿನಲ್ಲಿ 47 ಗುಂಡಿ. ಚಂದ್ರನ ಫೋಟೊದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ದೊಡ್ಡ ಕುಳಿಯಿತ್ತೋ ಅಲ್ಲಲ್ಲೇ ಅಷ್ಟಷ್ಟು.

ಇದನ್ನು ಓದುವಾಗ ಕನ್ನಡಿಗರಿಗೆ ಚಳ್ಳಕೆರೆ ನೆನಪಾಗಬೇಕು. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗಾಗಿ ಇಸ್ರೋ ಚಿತ್ರದುರ್ಗ ಜಿಲ್ಲೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮಾದರಿಯ ಕುಳಿಗಳನ್ನು ತೋಡಿಸಿ, ವಿಮಾನದಲ್ಲಿ ಸೆನ್ಸರ್‌ಗಳನ್ನು ಇಟ್ಟು ಅವುಗಳ ಮೇಲೆ ಹಾರಿಸಿತ್ತು. ಬೆಂಗಳೂರಿನ ಪರೀಕ್ಷಾ ಅಂಗಳಕ್ಕೆ ತಮಿಳುನಾಡಿನ ಸಿತ್ತಂಪೂಂಡಿಯ ಕಲ್ಲನ್ನು ಪುಡಿಮಾಡಿ ತಂದು ಹರಡಿತ್ತು. ಚಂದ್ರನ ಎತ್ತರದ ನೆಲದ ಕಲ್ಲಿಗೂ ಆ ಕಲ್ಲಿಗೂ ಹೋಲಿಕೆಯಿದೆ.

ಟೀಕೆಯೂ ಬಂತು

ಮನುಷ್ಯನಿಗಿಂತ ಮೊದಲು ಯಂತ್ರಗಳು ಹೋದವು. 1966ರ ಜೂನ್‌ನಲ್ಲಿ ಸರ್ವೇಯರ್-1 ಚಂದ್ರನ ಮೇಲೆ ಮೆತ್ತಗೆ ಇಳಿಯಿತು. ಅದರ ಟಿವಿ ಕ್ಯಾಮೆರಾ ಪ್ರಯೋಗದ ಹೊಣೆ ಶೂಮೇಕರ್‌ದು. ಇಳಿದ ನೌಕೆ ಆಳವಾದ ಧೂಳಿನಲ್ಲಿ ಮುಳುಗಿಹೋಗಬಹುದು ಎಂದು ಕೆಲವರು ಹೆದರಿಸಿದ್ದರು. ನೌಕೆಯ ಪಾದ ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಒತ್ತಿದ ಚಿತ್ರ ಬಂದಾಗ ಆ ಭಯ ಹೋಯಿತು. ಮೂರು ವರ್ಷದ ನಂತರ ಅಪೋಲೊ-11ರ ಕಲ್ಲು ಆಯುವ ಕೆಲಸಕ್ಕೂ ಅವರೇ ಪ್ರಧಾನ ವಿಜ್ಞಾನಿ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ 21 ಕೆ.ಜಿ.ಗೂ ಹೆಚ್ಚು ಕಲ್ಲುಮಣ್ಣು ತಂದರು.

ಜಗತ್ತೆಲ್ಲ ಸಂಭ್ರಮಿಸುತ್ತಿದ್ದ 1969ರಲ್ಲೇ ಶೂಮೇಕರ್ ಅಪೋಲೊ ಯೋಜನೆಯನ್ನು ಬಹಿರಂಗವಾಗಿ ಟೀಕಿಸಿದರು. ಇಷ್ಟೆಲ್ಲ ಖರ್ಚು ಮಾಡಿ ವಿಜ್ಞಾನಕ್ಕೆ ಮೂಲೆಯ ಜಾಗ ಕೊಡಲಾಗುತ್ತಿದೆ ಎಂಬುದು ಅವರ ತಕರಾರು. ಯೋಜನೆಯಿಂದ ಹಿಂದೆ ಸರಿದು ಕ್ಯಾಲ್‌ಟೆಕ್‌ನಲ್ಲಿ ಭೂಮಿ ಮತ್ತು ಗ್ರಹ ವಿಜ್ಞಾನಗಳ ವಿಭಾಗದ ಮುಖ್ಯಸ್ಥರಾದರು. ಹಲವರಿಗೆ ಇದು ಹಿಡಿಸಲಿಲ್ಲ. ಆದರೆ ಲೆಕ್ಕ ನೋಡಿ: ಚಂದ್ರನ ಮೇಲೆ ನಡೆದ 12 ಜನರಲ್ಲಿ ವೃತ್ತಿಯಿಂದ ಭೂವಿಜ್ಞಾನಿ ಒಬ್ಬರೇ, ಅದೇ ಹ್ಯಾರಿಸನ್ ಸ್ಮಿತ್, ಅದೂ 1972ರ ಡಿಸೆಂಬರ್‌ನ ಕೊನೆಯ ಯಾತ್ರೆಯಲ್ಲಿ. ತಕರಾರಿನಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ.

51ರಲ್ಲಿ ಶುರುವಾದ ಕ್ಯಾರೊಲಿನ್ ಕೆಲಸ

ಚಂದ್ರನ ಕುಳಿಗಳನ್ನು ನೋಡಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಗುಂಡಿ ಮಾಡಿದ ಕಲ್ಲುಗಳು ಇನ್ನೂ ಎಷ್ಟು ಉಳಿದಿವೆ? ಅವುಗಳಲ್ಲಿ ಎಷ್ಟು ಭೂಮಿಯ ದಾರಿಗೆ ಅಡ್ಡ ಬರುತ್ತವೆ? 1973ರಲ್ಲಿ ಎಲೀನರ್ ಹೆಲಿನ್ ಜೊತೆ ಸೇರಿ ಪಾಲೊಮಾರ್ ಬೆಟ್ಟದ 46 ಸೆಂಟಿಮೀಟರ್‌ನ ಚಿಕ್ಕ ದೂರದರ್ಶಕದಿಂದ ಇಂಥ ಕ್ಷುದ್ರಗ್ರಹಗಳ ಹುಡುಕಾಟ ಶುರುಮಾಡಿದರು.

1980ರ ಹೊತ್ತಿಗೆ ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟಿದ್ದರು. 51ರ ಕ್ಯಾರೊಲಿನ್, ಯಾವ ವಿಜ್ಞಾನ ಪದವಿಯೂ ಇಲ್ಲದವರು, ಗಂಡನ ಕೆಲಸಕ್ಕೆ ಕೈಜೋಡಿಸಿದರು. ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಬೆಟ್ಟಕ್ಕೆ ಹೋಗುವುದು. ಆಕಾಶದ ಒಂದೇ ಭಾಗವನ್ನು ಮುಕ್ಕಾಲು ಗಂಟೆ ಬಿಟ್ಟು ಎರಡು ಸಲ ಫಿಲ್ಮ್‌ನಲ್ಲಿ ಹಿಡಿಯುವುದು. ಎರಡೂ ಫಿಲ್ಮ್‌ಗಳನ್ನು ಜೋಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಜಾಗ ಬದಲಿಸಿದ ಚುಕ್ಕೆ ಮಾತ್ರ ನಕ್ಷತ್ರಗಳಿಂದ ಮೇಲೆದ್ದು ತೇಲಿದಂತೆ ಕಾಣುತ್ತದೆ. ಅದನ್ನು ಗುರುತಿಸಲು ತಾಳ್ಮೆ ಬೇಕು, ಒಳ್ಳೆಯ ಕಣ್ಣು ಬೇಕು. ಕ್ಯಾರೊಲಿನ್‌ಗೆ ಎರಡೂ ಇದ್ದವು. ಒಟ್ಟು 32 ಧೂಮಕೇತುಗಳು, 500ಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಅವರ ಲೆಕ್ಕಕ್ಕೆ ಸೇರಿವೆ.

1993ರ ಮಾರ್ಚ್‌ನ ಒಂದು ರಾತ್ರಿ ಮೋಡ ಮುಸುಕಿತ್ತು. ಪೆಟ್ಟಿಗೆಯಲ್ಲಿದ್ದ ಕೆಲವು ಫಿಲ್ಮ್‌ಗಳಿಗೆ ಬೆಳಕು ತಗಲಿ ಅಂಚು ಹಾಳಾಗಿತ್ತು. ಒಳ್ಳೆಯ ಫಿಲ್ಮ್ ಯಾಕೆ ದಂಡ ಮಾಡುವುದೆಂದು ಜೊತೆಯಲ್ಲಿದ್ದ ಡೇವಿಡ್ ಲೆವಿ ಹಾಳಾದವನ್ನೇ ಬಳಸೋಣವೆಂದರು. ಮೋಡದ ಸಂದಿಯಲ್ಲಿ ತೆಗೆದ ಆ ಚಿತ್ರಗಳಲ್ಲಿ, ಗುರುಗ್ರಹದ ಹತ್ತಿರ, ಒತ್ತಿ ಚಪ್ಪಟೆಯಾದಂಥ ಧೂಮಕೇತುವೊಂದು ಕ್ಯಾರೊಲಿನ್ ಕಣ್ಣಿಗೆ ಬಿತ್ತು. ಅದು ಒಂದು ಧೂಮಕೇತುವಲ್ಲ, ಗುರುವಿನ ಸೆಳೆತಕ್ಕೆ ಸಿಕ್ಕಿ ಒಡೆದ ತುಂಡುಗಳ ಸಾಲು. ಶೂಮೇಕರ್-ಲೆವಿ 9 ಎಂದು ಹೆಸರಾಯಿತು. ಎರಡು ತಿಂಗಳಲ್ಲಿ ಲೆಕ್ಕ ಬಂತು, ತುಂಡುಗಳು ಗುರುವಿಗೇ ಬಡಿಯಲಿವೆ.

1994ರ ಜುಲೈ 16ರಿಂದ 22ರವರೆಗೆ ಒಂದಾದ ಮೇಲೊಂದು ತುಂಡು ಸೆಕೆಂಡಿಗೆ 60 ಕಿ.ಮೀ. ವೇಗದಲ್ಲಿ ಬಡಿಯಿತು. ಒಂದು ತುಂಡು ಬಿಟ್ಟ ಕಪ್ಪು ಕಲೆ ಭೂಮಿಗಿಂತ ಅಗಲವಿತ್ತು. ಆಕಾಶದ ಪೆಟ್ಟು ಎಂಬುದು ಹಳೆಯ ಕಾಲದ ಕತೆ ಎಂದುಕೊಂಡಿದ್ದವರು ಅದನ್ನು ಟಿವಿಯಲ್ಲಿ ಕಣ್ಣಾರೆ ಕಂಡರು. ನೆವಾಡಾದ ಬಾಂಬ್ ಗುಂಡಿಗಳಿಂದ ಲೆಕ್ಕ ಶುರುಮಾಡಿದ ಮನುಷ್ಯನಿಗೆ 66ನೇ ವಯಸ್ಸಿನಲ್ಲಿ ನಿಜವಾದ ಪೆಟ್ಟು ನೋಡಲು ಸಿಕ್ಕಿತು.

ಅದೇ ವರ್ಷ ಚಂದ್ರನನ್ನು ಸುತ್ತಿದ ಕ್ಲೆಮೆಂಟೈನ್ ನೌಕೆಯ ವಿಜ್ಞಾನ ತಂಡಕ್ಕೂ ಅವರೇ ಮುಖ್ಯಸ್ಥರಾಗಿದ್ದರು. ದಕ್ಷಿಣ ಧ್ರುವದ ಬಿಸಿಲು ಕಾಣದ ಕುಳಿಗಳಲ್ಲಿ ಮಂಜುಗಡ್ಡೆ ಇರಬಹುದೆಂಬ ಸುಳಿವು ಬಂದದ್ದು ಅದರಿಂದ. 2009ರಲ್ಲಿ ಚಂದ್ರಯಾನ-1ರ ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಕಂಡಾಗ ಆ ಹಳೆಯ ಸುಳಿವಿಗೆ ಮತ್ತೆ ಜೀವ ಬಂತು.

ಆಸ್ಟ್ರೇಲಿಯಾದ ಮಣ್ಣುರಸ್ತೆ

ಹಲವು ವರ್ಷಗಳಿಂದ ದಂಪತಿ ಆಸ್ಟ್ರೇಲಿಯಾಕ್ಕೆ ಹೋಗಿ ಹಳೆಯ ಕುಳಿಗಳ ನಕ್ಷೆ ಮಾಡಿ ಬರುವುದು ರೂಢಿಯಾಗಿತ್ತು. 1997ರ ಜುಲೈ 18ರಂದು ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕೆ, ತನಾಮಿ ಎಂಬ ನಿರ್ಜನ ಮಣ್ಣುರಸ್ತೆಯಲ್ಲಿ ಅವರ ವಾಹನಕ್ಕೆ ಎದುರಿನಿಂದ ಬಂದ ವಾಹನ ಮುಖಾಮುಖಿ ಡಿಕ್ಕಿಯಾಯಿತು. ಜೀನ್ ಅಲ್ಲೇ ತೀರಿಕೊಂಡರು. 69 ವರ್ಷ. ಕ್ಯಾರೊಲಿನ್ ತೀವ್ರವಾಗಿ ಗಾಯಗೊಂಡು ಬದುಕಿದರು.

ಒಂದು ಕಾಲದಲ್ಲಿ ಕ್ಯಾಲ್‌ಟೆಕ್‌ನಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದ ಗ್ರಹ ವಿಜ್ಞಾನಿ ಕ್ಯಾರೊಲಿನ್ ಪೋರ್ಕೊಗೆ ಒಂದು ಯೋಚನೆ ಬಂತು. ಆರು ತಿಂಗಳೊಳಗೆ ನಾಸಾದ ಲೂನಾರ್ ಪ್ರಾಸ್ಪೆಕ್ಟರ್ ಚಂದ್ರನಿಗೆ ಹೊರಡಲಿತ್ತು. ಗುರುವಿನ ಚಿತಾಭಸ್ಮದ ಸ್ವಲ್ಪ ಭಾಗವನ್ನು ಅದರಲ್ಲಿ ಕಳಿಸಿದರೆ? ನಾಸಾ ಒಪ್ಪಿತು. ಸುಮಾರು 28 ಗ್ರಾಂ ಭಸ್ಮ ಪುಟ್ಟ ಕ್ಯಾಪ್ಸೂಲ್ ಸೇರಿತು. ಸುತ್ತಿದ ಹಿತ್ತಾಳೆಯ ತೆಳು ಹಾಳೆಯಲ್ಲಿ ಹೇಲ್-ಬಾಪ್ ಧೂಮಕೇತು ಮತ್ತು ಮೀಟಿಯರ್ ಕ್ರೇಟರ್‌ನ ಚಿತ್ರಗಳನ್ನು ಕೆತ್ತಲಾಗಿತ್ತು. 1998ರ ಜನವರಿ 6ರಂದು ನೌಕೆ ಹಾರಿತು.

ಎಲ್ಲರಿಗೂ ಇದು ಮೆಚ್ಚುಗೆಯಾಗಲಿಲ್ಲ. ಅರಿಜೋನಾ, ನ್ಯೂ ಮೆಕ್ಸಿಕೋದ ಮೂಲನಿವಾಸಿ ನವಾಹೋ ಜನರಿಗೆ ಚಂದ್ರ ಪವಿತ್ರ, ಅಲ್ಲಿಗೆ ಮನುಷ್ಯನ ಅಸ್ಥಿ ಕಳಿಸುವುದು ಅಪಚಾರ. ಅವರ ಆಕ್ಷೇಪಕ್ಕೆ ನಾಸಾ ಕ್ಷಮೆ ಕೇಳಿತು, ಮುಂದೆ ಇಂಥದ್ದಕ್ಕೆ ಮೊದಲೇ ಸಮಾಲೋಚಿಸುವುದಾಗಿ ಹೇಳಿತು. ಶೂಮೇಕರ್ ಜೀವನವೆಲ್ಲ ಕಲ್ಲು ಓದಿದ ನೆಲದ ಜನರೇ ಅವರು, ಆದ್ದರಿಂದ ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

1999ರ ಜುಲೈ 31ರಂದು ಇಂಧನ ಮುಗಿಯುತ್ತಾ ಬಂದ ನೌಕೆಯನ್ನು ದಕ್ಷಿಣ ಧ್ರುವದ ಹತ್ತಿರದ ಕುಳಿಯೊಳಕ್ಕೆ ಬೇಕೆಂದೇ ಬೀಳಿಸಲಾಯಿತು. ನೀರಾವಿ ಚಿಮ್ಮಬಹುದೇ ಎಂದು ಭೂಮಿಯಿಂದ ದೂರದರ್ಶಕಗಳು ನೋಡುತ್ತಿದ್ದವು. ಏನೂ ಕಾಣಲಿಲ್ಲ. ಮುಂದೆ ಆ ಕುಳಿಗೆ ಶೂಮೇಕರ್ ಹೆಸರಿಡಲಾಯಿತು. ಈರೋಸ್ ಕ್ಷುದ್ರಗ್ರಹ ಸುತ್ತುತ್ತಿದ್ದ ನೌಕೆಗೂ ಅವರದೇ ಹೆಸರು ಸೇರಿತು. ನಿಯರ್ ಶೂಮೇಕರ್ ಎಂಬ ಆ ನೌಕೆ 2001ರ ಫೆಬ್ರವರಿ 12ರಂದು ಈರೋಸ್ ಮೇಲೆ ಇಳಿಯಿತು. ಕ್ಷುದ್ರಗ್ರಹದ ಮೇಲೆ ಮನುಷ್ಯನ ಯಂತ್ರವೊಂದು ಇಳಿದದ್ದು ಅದೇ ಮೊದಲು.

ಕ್ಯಾರೊಲಿನ್ ಗಾಯ ಮಾಗಿದ ಮೇಲೆ ಫ್ಲಾಗ್‌ಸ್ಟಾಫ್‌ಗೆ ಮರಳಿ ಮತ್ತೆ ಆಕಾಶ ನೋಡುವ ಕೆಲಸಕ್ಕೆ ಕೂತರು. 2021ರ ಆಗಸ್ಟ್ 13ರಂದು, 92ನೇ ವಯಸ್ಸಿನಲ್ಲಿ, ತೀರಿಕೊಂಡರು.